ಮಹಾಸೈನಿಕನ ಮಗಳೂ ಮಾವನ ಉಬ್ಬಸವೂ

ನ್ಯಾಮತಿಯಲ್ಲಿ ಕುಳಿತು ಇಡೀ ಒಂದು ಸೈನ್ಯವನ್ನು ಸಾಕುತ್ತಿರುವ ಮನುಷ್ಯರೊಬ್ಬರನ್ನು ನಾನು ಬಲ್ಲೆ. ಅವರು ನನ್ನ ಖಾಸಾ ಸೋದರಮಾವ! ಹೆದರಬೇಡಿ, ಆ ಸೈನ್ಯ ಇರುವುದು ಅವರು ಬರೆಯುತ್ತಿರುವ ವೈಜ್ಞಾನಿಕ ಕಾದಂಬರಿಯಲ್ಲಿ. ಅದರ ಸೈನಿಕರಿಗೆ ವಿಜ್ಞಾನಿಗಳು ಏನೇನೋ ಚುಚ್ಚಿ, ಜೀನ್ ತಿದ್ದಿ, ಆನೆಯ ಬಲ ತುಂಬಿದ್ದಾರೆ. ಹೊನ್ನಾಳಿಯ ಸೇತುವೆ ಇರುವುದು ನಮ್ಮಂಥ ಬಡಪಾಯಿಗಳಿಗೆ. ಮಾವನ ಸೈನಿಕರು ತುಂಗಭದ್ರೆಯನ್ನು ಒಂದೇ ನೆಗೆತಕ್ಕೆ ದಾಟುತ್ತಾರೆ!

ಇಷ್ಟೆಲ್ಲ ನೆಗೆಸುವ ಮಾವ ನಿವೃತ್ತ ಆಟದ ಮೇಷ್ಟ್ರು. ಆದರೆ ಅವರು ಓಡಿದ್ದನ್ನು ನೋಡಿದವರು ಊರಲ್ಲಿ ಯಾರೂ ಇಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವರಿಗೆ ಉಬ್ಬಸ ಗಂಟುಬಿದ್ದಿತ್ತು. ಹುಡುಗರು ಮೈದಾನ ಸುತ್ತಿದರೆ ಏದುಸಿರು ಬಿಡುತ್ತಿದ್ದವರು ಮಾವ! ಈ ಉಬ್ಬಸ ನಮ್ಮ ತಾತನಿಗೂ ಇತ್ತು, ತಾತನ ಅಪ್ಪನಿಗೂ ಇತ್ತಂತೆ. ನನ್ನ ಅಮ್ಮ ಹೇಗೋ ತಪ್ಪಿಸಿಕೊಂಡಳು, ಮಾವ ಸಿಕ್ಕಿಹಾಕಿಕೊಂಡರು.

ಇಂಥ ಮಾವನ ಒಬ್ಬಳೇ ಮಗಳು ಚೈತ್ರಾ ಪೊಲೀಸ್ ಕಾನ್‌ಸ್ಟೇಬಲ್ ಆಗಿಯೇ ತೀರುತ್ತೇನೆಂದು ಹಟ ಹಿಡಿದು ಕುಳಿತಳು. ಬರೆಯುವ ಪರೀಕ್ಷೆ ಪಾಸಾಯಿತು. ಉಳಿದದ್ದು ದಾವಣಗೆರೆಯಲ್ಲಿ ಓಟದ ಪರೀಕ್ಷೆ. ಹುಡುಗಿ ಗಟ್ಟಿಗಿತ್ತಿಯೇ. ಆದರೆ ಹಿಂದಿನ ಚಳಿಗಾಲದಲ್ಲಿ ಒಂದು ಸಲ ಅವಳ ಎದೆಯಲ್ಲೂ ಗೊರಗೊರ ಸದ್ದು ಕೇಳಿಸಿತ್ತು. ಅದು ಬರೀ ನೆಗಡಿ ಎಂದರು ಅತ್ತೆ. ಮಾವ ಮಾತ್ರ ರಾತ್ರಿಯೆಲ್ಲ ಅವಳ ಉಸಿರಿಗೆ ಕಿವಿಗೊಟ್ಟು ಕೂತರು.

ಸರಿಯಾಗಿ ಅದೇ ವೇಳೆಗೆ ಅವರ ಕಾದಂಬರಿಯೂ ನಿಂತಿತು. ಹೊನ್ನಾಳಿಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಬಿಟ್ಟಿಯಾಗಿ ಟೈಪ್ ಮಾಡಿಕೊಡುವ ಭಾಗ್ಯ ನನ್ನದು. ಮೊದಲ ಭಾಗದ ಕೊನೆಯಲ್ಲಿ ಕಥಾನಾಯಕ ಮಹಾಸೈನಿಕನಿಗೆ ಮಗಳು ಹುಟ್ಟಿದ್ದಳು. ಎರಡನೇ ಭಾಗ ಪೂರ್ತಿ ಅವಳದ್ದೇ ಸಾಹಸ ಆಗಬೇಕಿತ್ತು.

"ಮುಂದೇನಾಯ್ತು ಮಾವ?" ಎಂದೆ.

"ತಡಿಯವ್ವಾ. ಅಪ್ಪನ ತಾಕತ್ತು ಮಗಳಿಗೆ ಬರ್ತೈತೋ ಇಲ್ವೋ, ಅದು ಮೊದ್ಲು ಇತ್ಯರ್ಥ ಆಗ್ಬೇಕು."

"ನೀವೇ ಬರೆಯೋರು. ಬರ್ತದೆ ಅಂತ ಬರೆದರೆ ಬಂತಪ್ಪ!"

"ಹಂಗೆಲ್ಲ ಬಾಯಿಗೆ ಬಂದಂಗೆ ಬರಿಯಾಕೆ ಇದೇನು ಚುನಾವಣೆ ಭಾಷಣನಾ?"

ಸರಿ, ಇತ್ಯರ್ಥ ಶುರುವಾಯಿತು. ಮೊದಲು ಹೊನ್ನಾಳಿಯ ಡಾಕ್ಟರು. ಟೋಕನ್ ತೆಗೆದುಕೊಂಡು, ಜ್ವರದವರು ಕೆಮ್ಮಿನವರ ನಡುವೆ ಕಾದು, ನನ್ನನ್ನೂ ಎಳೆದುಕೊಂಡು ಒಳಗೆ ಹೋದರು.

"ಡಾಕ್ಟ್ರೇ, ಒಬ್ಬನಿಗೆ ಇಂಜೆಕ್ಷನ್ ಕೊಟ್ಟು ಆನೆ ಬಲ ಬರಂಗೆ ಮಾಡ್ಯಾರೆ. ಅವನ ಮಗೂಗೂ ಬರ್ತೈತಾ?"

ಡಾಕ್ಟರು ಗಾಬರಿಯಾದರು. "ಯಾರ್ರೀ ಕೊಟ್ಟಿದ್ದು? ಎಲ್ಲಿದ್ದಾನ್ರೀ ಅವನು?"

"ಮೂರನೇ ಅಧ್ಯಾಯದಾಗೆ."

ಪಾಪ, ಒಳ್ಳೆಯ ಡಾಕ್ಟರು. ನಕ್ಕು ಬಿಡಿಸಿ ಹೇಳಿದರು. ಕಿವಿ ಚುಚ್ಚಿಸಿಕೊಂಡ ತಾಯಿಗೆ ತೂತು ಕಿವಿಯ ಮಗು ಹುಟ್ಟುವುದಿಲ್ಲ. ಬರೀ ಮೈಗೆ ಮಾಡಿದ್ದು ಮೈಯ ಜೊತೆಗೇ ಮುಗಿಯುತ್ತದೆ. ಬೀಜವನ್ನೇ ತಿದ್ದಿದ್ದರೆ ಮಾತ್ರ ಮಕ್ಕಳಿಗೆ ಹೋದೀತು. ಮಾವ ತಲೆಯಾಡಿಸಿದರು. ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತು ಕೇಳಿದರು: "ಉಬ್ಬಸ ಎಲ್ಲೈತೆ ಡಾಕ್ಟ್ರೇ? ಮೈಯಾಗೋ, ಬೀಜದಾಗೋ?"

"ಅದು ಮನೆತನದಲ್ಲಿ ಬರೋದುಂಟು ಮೇಷ್ಟ್ರೇ. ಬರಬಹುದು, ಬರದೇನೂ ಇರಬಹುದು."

ಈ 'ಬರಬಹುದು, ಬರದೇನೂ ಇರಬಹುದು' ಮಾವನಿಗೆ ಸಮಾಧಾನ ಕೊಡಲಿಲ್ಲ. ತಾಯಿಗಿಡದ ಗುಣ ಮರಿಗಿಡಕ್ಕೆ ಇಳಿಯುತ್ತದೋ ಇಲ್ಲವೋ ನೋಡಲು ತಾವೇ ಪ್ರಯೋಗಕ್ಕೆ ಇಳಿದರು! ಹೊಲದಲ್ಲಿ ಬೆಳೆದ ಹೈಬ್ರಿಡ್ ಮೆಕ್ಕೆಜೋಳದಲ್ಲಿ ದಪ್ಪ ದಪ್ಪ ತೆನೆ ಆರಿಸಿ, ಕಾಳು ಬಿಡಿಸಿ, ಹಿತ್ತಲಲ್ಲಿ ಬಿತ್ತಿಬಿಟ್ಟರು. ನಮ್ಮ ಕಡೆ ಹೈಬ್ರಿಡ್ ಬೀಜ ಅಂದರೆ ವರ್ಷಾ ವರ್ಷಾ ಹೊಸ ಪ್ಯಾಕೆಟ್ಟು. ಬೆಳೆದ ಕಾಳನ್ನೇ ಮತ್ತೆ ಬಿತ್ತುವವನನ್ನು ಜನ ನಿಂತು ನೋಡುತ್ತಾರೆ. ಬೀಜದಂಗಡಿಯವನು ಬೇಲಿಯಾಚೆ ಬೈಕು ನಿಲ್ಲಿಸಿ ಕೂಗಿದ: "ಏನ್ ಮೇಷ್ಟ್ರೇ, ಹೈಬ್ರಿಡ್ ಕಾಳು ತಿರುಗಾ ಬಿತ್ತಾರೇನ್ರಿ? ನನ್ನ ಅಂಗಡಿ ಮುಚ್ಚಿಸಾಕೆ ಹೊಂಟೀರೇನು?"

"ಜೋಳ ಬೆಳಿಯಾಕಲ್ಲಪ್ಪ, ಸೈನಿಕರನ್ನ ಬೆಳಿಯಾಕೆ!"

ಬೈಕು ಹಿಂದೆ ನೋಡದೆ ಹೋಯಿತು.

ಜೋಳ ಬಂತು ನೋಡಿ! ಒಂದು ಗಿಡ ಬಚ್ಚಲುಮನೆಯ ಸೂರು ಮುಟ್ಟಿತು, ಇನ್ನೊಂದು ಮೊಣಕಾಲಿಗೇ ಸುಸ್ತಾಯಿತು. ಕೆಲವು ತೆನೆಗಳಲ್ಲಿ ಮುದುಕರ ಬಾಯಿಯ ಹಲ್ಲಿನಂತೆ ಅಲ್ಲೊಂದು ಇಲ್ಲೊಂದು ಕಾಳು. ಯಾವ ಗಿಡಕ್ಕೆ ಏನು ಸಿಕ್ಕಿತೆಂಬುದಕ್ಕೆ ಲೆಕ್ಕವೇ ಇರಲಿಲ್ಲ. ಎತ್ತರದ ಗಿಡದ ಕಡೆ ಮಾವ ತಿರುಗಿಯೂ ನೋಡುತ್ತಿರಲಿಲ್ಲ. ಕುಳ್ಳ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದಕ್ಕೇ ಎರಡು ಚೊಂಬು ನೀರು ಹೆಚ್ಚಿಗೆ ಹಾಕುತ್ತಿದ್ದರು. ಕೊನೆಗೊಂದು ದಿನ ಹಸು ಹಗ್ಗ ಬಿಚ್ಚಿಕೊಂಡು ಬಂದು ಪ್ರಯೋಗವನ್ನೆಲ್ಲ ತಿಂದು ಮುಗಿಸಿತು!

ಇತ್ತ ಚೈತ್ರಾಳ ಓಟ ನಡೆದೇ ಇತ್ತು. ದಿನಾ ಬೆಳಗ್ಗೆ ಸವಳಂಗದ ರಸ್ತೆಯಲ್ಲಿ ಅವಳು ಮುಂದೆ, ಟಿವಿಎಸ್ ಮೇಲೆ ಮಫ್ಲರ್ ಸುತ್ತಿಕೊಂಡ ಮಾವ ಹಿಂದೆ. ಮಳೆಯಿರಲಿ, ಮಂಜಿರಲಿ, ತಪ್ಪಿಸಿದ್ದಿಲ್ಲ. ಒಂದು ದಿನ ದಾರಿಯಲ್ಲೇ ಪೆಟ್ರೋಲ್ ಖಾಲಿ. ಮಗಳು ಅಪ್ಪನನ್ನು ಗಾಡಿಯ ಮೇಲೆ ಕೂರಿಸಿಯೇ ಊರವರೆಗೆ ತಳ್ಳಿಕೊಂಡು ಬಂದಳು! ಬಾಗಿಲಲ್ಲೇ ಅತ್ತೆ ತರಾಟೆಗೆ ತೆಗೆದುಕೊಂಡರು. "ಏನ್ರೀ, ಯಾರು ಯಾರಿಗೆ ಟ್ರೇನಿಂಗ್ ಕೊಡ್ತಿರೋದು?"

"ತಳ್ಳಿದ ಮೇಲೂ ದಮ್ಮು ಕಟ್ಟಿಲ್ಲ ಕಣೇ ಅವಳಿಗೆ!" ಮಾವನ ಮುಖ ನೋಡಬೇಕಿತ್ತು, ಸಾಕ್ಷಾತ್ ಹಬ್ಬ.

"ಅದು ನಮ್ಮ ತವರುಮನೆ ದಮ್ಮು. ನಮ್ ತಂಗಿ ಎಮ್ಮೆ ಹಿಂದೆ ಓಡಿದ್ರೆ ಎಮ್ಮೆನೇ ನಿಲ್ತಿತ್ತು!"

ಬೇರೆ ದಿನವಾಗಿದ್ದರೆ ತವರುಮನೆಯ ಸುದ್ದಿಗೆ ಮಾವ ಯುದ್ಧಕ್ಕೇ ನಿಲ್ಲುತ್ತಿದ್ದರು. ಅಂದು ಕೈಮುಗಿದರು. "ಹೌದು ಮಾರಾಯ್ತಿ, ಎಲ್ಲಾ ನಿಮ್ಮ ಕಡೇದೇ ಇರ್ಲಿ!"

ಪರೀಕ್ಷೆಯ ಹಿಂದಿನ ದಿನ ಮಾವ ನನ್ನ ಅಂಗಡಿಗೆ ಬಂದು ಎರಡನೇ ಭಾಗದ ಮೊದಲ ಅಧ್ಯಾಯ ಕೊಟ್ಟರು. ಓದಿ ನನಗೆ ಸಿಟ್ಟೇ ಬಂತು. ಮಹಾಸೈನಿಕನ ಮಗಳಿಗೆ ಯಾವ ಶಕ್ತಿಯೂ ಬಂದಿಲ್ಲ! ನದಿ ದಾಟಲು ಅವಳು ಎಲ್ಲರ ಹಾಗೆ ತೆಪ್ಪಕ್ಕೆ ಕಾಯುತ್ತಾಳೆ!

"ಏನು ಮಾವ ಇದು? ಓದುವವರು ಬೈತಾರೆ. ಬೀಜ ತಿದ್ದಿದರೆ ಬರುತ್ತೆ ಅಂತ ಡಾಕ್ಟರೇ ಹೇಳಿದರಲ್ಲ?"

"ಬೈಯ್ಲಿ ಬಿಡು. ಅಪ್ಪನ ಬಲ ಮಗಳಿಗೆ ಬರ್ತೈತೆ ಅಂತ ನಾನು ಬರದ್ರೆ, ಅಪ್ಪನ ಉಬ್ಬಸಾನೂ ಬರ್ತೈತೆ ಅಂತ ಒಪ್ಪಬೇಕಾಗ್ತೈತೆ. ನಾನು ಬರಿಯಾಕಿಲ್ಲ."

ನಾನು ಟೈಪ್ ಮಾಡಲು ಕುಳಿತೆ. ಅಷ್ಟು ಬಲಶಾಲಿಯಾದ ಸೈನಿಕನನ್ನು ವರ್ಷಗಟ್ಟಲೆ ಸಾಕಿ, ಅವನ ಮಗಳ ಪಾಲಿನ ಬಲವನ್ನು ಆ ಮನುಷ್ಯ ತನ್ನ ಮಗಳ ಉಸಿರಿಗಾಗಿ ಬಿಟ್ಟುಕೊಟ್ಟಿದ್ದರು. ನನ್ನ ಕಣ್ಣು ಒದ್ದೆಯಾಗಿದ್ದನ್ನು ನೋಡಿ, ಅಕ್ಷರ ತಪ್ಪಿವೆಯಾ ಎಂದು ಕೇಳಿದರು.

ಮರುದಿನ ದಾವಣಗೆರೆಯ ಮೈದಾನ. ಮನೆಯವರಿಗೆ ಒಳಗೆ ಪ್ರವೇಶವಿಲ್ಲ, ನಾವು ಮೂವರೂ ಗೇಟಿನ ಹೊರಗೆ ಬಿಸಿಲಲ್ಲಿ ನಿಂತೆವು. ಅತ್ತೆ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದರು. ಮಾವ ಬಾಯಿಗೆ ಉಬ್ಬಸದ ಔಷಧಿಯ ಪಂಪು ಹೊಡೆದುಕೊಂಡು ಗೇಟು ಬಿಟ್ಟು ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಚೈತ್ರಾ ಬೆವರು ಸುರಿಸುತ್ತಾ ಹೊರಗೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಮಾವ ಅವಳನ್ನು ತಿರುಗಿಸಿ ನಿಲ್ಲಿಸಿ, ಬಗ್ಗಿ, ಅವಳ ಬೆನ್ನಿಗೆ ಕಿವಿಯಿಟ್ಟರು.

"ಅಪ್ಪಾ, ಎಲ್ಲಾರೂ ನೋಡ್ತಾರೆ!"

"ಸುಮ್ನಿರು. ಉಸಿರು ಎಳಕೋ. ಬಿಡು. ಇನ್ನೊಂದ್ಸಲ."

ಎಳೆದುಕೊಂಡಳು, ಬಿಟ್ಟಳು. ಮಾವ ಕಣ್ಣು ಮುಚ್ಚಿಕೊಂಡೇ ಇದ್ದರು. ಅವಳು ತನ್ನ ತಂಡದಲ್ಲಿ ಎಲ್ಲರಿಗಿಂತ ಮೊದಲು ಮುಟ್ಟಿ ಪಾಸಾಗಿದ್ದಳು. ಅದನ್ನು ಹೇಳಲು ಬಾಯಿ ತೆರೆದವಳು, ಅಪ್ಪನ ಕಿವಿ ಬೆನ್ನು ಬಿಡುವವರೆಗೂ ಸುಮ್ಮನೆ ಉಸಿರಾಡುತ್ತಾ ನಿಂತಳು.