ಅಕ್ಕಲಕೋಟದ ಮೇಲೆ ನನ್ನ ಹೊಟ್ಟೆಕಿಚ್ಚು

ಹೆಂಡತಿಯ ತವರಿನವರ ಜೊತೆ ಜಗಳ ಕಾಯುವ ಗಂಡಸರು ಓಣಿಗೊಬ್ಬರು ಸಿಗುತ್ತಾರೆ. ಒಬ್ಬನಿಗೆ ಮಾವನ ಮೇಲೆ ಸಿಟ್ಟು, ಇನ್ನೊಬ್ಬನಿಗೆ ಭಾವಮೈದುನನ ಮೇಲೆ. ನನಗೆ ಅವರ ಯಾರ ಮೇಲೂ ಏನೂ ಇರಲಿಲ್ಲ. ನನ್ನ ಹೊಟ್ಟೆಕಿಚ್ಚೆಲ್ಲ ಇಡೀ ಊರಿನ ಮೇಲೆ.

ಅಕ್ಕಲಕೋಟ ಸಂಸ್ಥಾನ ಹೋಗಿ ಬರೀ ತಾಲೂಕಾಗಿ ಇನ್ನೂ ಬಹಳ ವರ್ಷ ಆಗಿರಲಿಲ್ಲ. ನಾನು ಆಗ ಸೊಲ್ಲಾಪುರದ ನವಿ ಪೇಠದಲ್ಲಿ ಒಂದು ಸೀರೆ ಅಂಗಡಿಯ ಗುಮಾಸ್ತ. ದಿನವಿಡೀ ಸೀರೆ ಬಿಚ್ಚುವುದು, ಹೊಗಳುವುದು, ಮಡಚುವುದು. ನನ್ನ ಮುಂದೆ ಕೂತ ಗಿರಾಕಿ ಬರಿಗೈಯಲ್ಲಿ ಎದ್ದು ಹೋಗುವುದು ಅಪರೂಪ ಎಂದು ಮಾಲೀಕರೇ ಒಪ್ಪಿಕೊಂಡಿದ್ದರು. ಆದರೆ ಮನೆಯಲ್ಲಿದ್ದ ಒಬ್ಬ ಗಿರಾಕಿ ಮಾತ್ರ ನನಗೆ ಬಗ್ಗಲಿಲ್ಲ. ‘ನಿಮ್ಮ ಸೊಲ್ಲಾಪುರ ಚಲೋ ಐತ್ರಿ’ ಎಂದು ಹೆಂಡತಿಯ ಬಾಯಿಂದ ಒಮ್ಮೆ ಕೇಳಬೇಕು. ಊರು ಚಲೋ ಎಂದರೆ ಊರಿನವನೂ ಚಲೋ ಎಂದ ಹಾಗಾಯಿತಲ್ಲ! ಮದುವೆಯಾಗಿ ವರ್ಷವಾದರೂ ಆ ಒಂದು ಮಾತು ಬರಲಿಲ್ಲ.

ಗಿರಾಕಿ ಒಪ್ಪಲಿಲ್ಲ

ಮೊದಲು ಸಿದ್ಧೇಶ್ವರ ಗುಡಿಗೆ ಕರೆದುಕೊಂಡು ಹೋದೆ. ಸುತ್ತ ನೀರು, ನಡುವೆ ಗುಡಿ, ಸಂಜೆಯ ಗಾಳಿ. ಯಾರಿಗಾದರೂ ಮನಸ್ಸು ಕರಗಬೇಕು.

“ಚಲೋನ ಐತ್ರಿ,” ಎಂದಳು. ನನ್ನ ಎದೆ ಉಬ್ಬಿತು. “ಆದ್ರ ನಮ್ಮ ಅಕ್ಕಲಕೋಟದಾಗ ಸ್ವಾಮಿಗಳು ಗಿಡದ ಬುಡಕ್ಕ ಕುಂತಾರ. ನೀರು ದಾಟೂ ತ್ರಾಸ ಇಲ್ಲ.”

ಗಿರಣಿಯ ಚಿಮಣಿ ತೋರಿಸಿದೆ. “ಇಷ್ಟ ಎತ್ತರದ್ದು ನಿಮ್ಮೂರಾಗ ಐತೇನು?”

“ಇಲ್ರಿ. ಅದಕ್ಕ ನಮ್ಮೂರಾಗ ಒಗದ ಅರಿವಿ ಬೆಳ್ಳಗ ಒಣಗತಾವ.”

ಕಡೆಯ ಸೀರೆ ಬಿಚ್ಚುವವನ ಹಾಗೆ ಕೋಟೆಯ ಮುಂದೆ ತಂದು ನಿಲ್ಲಿಸಿದೆ. ಕಂದಕ, ಬುರುಜು, ಬಾಗಿಲು, ಒಂದನ್ನೂ ಬಿಡದೆ ವರ್ಣಿಸಿದೆ. ಅವಳು ಸೆರಗಿನಿಂದ ಹಣೆ ಒರೆಸಿಕೊಂಡು ಎಲ್ಲವನ್ನೂ ನೋಡಿದಳು.

“ನಮ್ಮೂರಿಗೆ ಇಂಥಾ ಕೋಟಿ ಯಾಕ ಬೇಕ್ರಿ? ನಮ್ಮಲ್ಲಿ ದಂಡ ತಗೊಂಡು ಯಾರೂ ಬರೂದಿಲ್ಲ. ಬಂದವರು ಪ್ರಸಾದ ತಗೊಂಡು ಹೋಗತಾರ.”

ನಿಂತ ಅಳಿಯ

ಹಾಗಾದರೆ ಆ ಊರಿನಲ್ಲಿ ಏನಿದೆಯೋ ನೋಡಿಯೇಬಿಡೋಣ ಎಂದು ಹಟ ಹುಟ್ಟಿತು. ಶನಿವಾರ ಮಧ್ಯಾಹ್ನದ ರಜೆ ಬೇಡಿಕೊಂಡೆ. ರವಿವಾರ ಹೇಗೂ ಸೂಟಿ. ಇಬ್ಬರೂ ಅಕ್ಕಲಕೋಟದ ಬಸ್ಸು ಹತ್ತಿದೆವು. ಹೆಂಡತಿಗೆ ತವರಿಗೆ ಹೊರಟ ಖುಷಿ. ನಾನು ಹೊರಟದ್ದು ಊರಿನಲ್ಲಿ ಹುಳುಕು ಹುಡುಕಲು. ಅದನ್ನು ಅವಳಿಗೆ ಹೇಳಿರಲಿಲ್ಲ.

ಬಸ್ಸಿನ ತುಂಬ ಸ್ವಾಮಿಗಳ ದರ್ಶನಕ್ಕೆ ಹೋಗಿ ಸಂಜೆಗೇ ತಿರುಗಿ ಬರುವವರು. ಊರು ನೋಡಲು ಎರಡು ದಿನ ಹೊರಟಿದ್ದೇನೆ ಎಂದು ಕೇಳಿ ಕಂಡಕ್ಟರ್ ಬೆರಗಾದ. “ಎರಡ ದಿನಾ? ದರ್ಶನ ಆದಮ್ಯಾಗ ಅಲ್ಲೇನ ನೋಡತೀರಿ?” ನನಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಹೆಂಡತಿ ಕೇಳಿಸದವಳಂತೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ನಾವಿಬ್ಬರೂ ನಿಂತೇ ಇದ್ದೆವು. ಕೆಂಪು ರುಮಾಲಿನ ಒಬ್ಬ ಹಿರಿಯ ಅವಳ ಮುಖ ದಿಟ್ಟಿಸಿ, “ನೀ ನಮ್ಮ ಓಣಿ ಹುಡುಗಿ ಅಲ್ಲೇನವಾ?” ಎಂದು ಎದ್ದು ಜಾಗ ಕೊಟ್ಟ. ಪಕ್ಕದವನೂ ಎದ್ದ. ನಾನು ಅಲ್ಲಿ ಕೂಡಲು ಹೋದರೆ ಹಿರಿಯ ಕೈ ಅಡ್ಡ ಹಿಡಿದ. “ನಿಂದರ್ರಿ, ಅದು ಆಕಿ ಗಂಟು ಇಡಾಕ.”

“ನಾನು ಆ ಊರಿನ ಅಳಿಯರಿ!” ಎಂದೆ.

“ಹೌದೇನ್ರಿ? ಹಂಗಾರ ಮನಿ ಮುಟ್ಟಿದ ಕೂಡ್ಲೆ ನಿಮಗ ಕೂಡಾಕ ಮಣಿ ಹಾಕತಾರ. ಅಲ್ಲೀತನಕ ನಿಂದರ್ರಿ.”

ಬಳೆಗಾರನ ಹಕ್ಕು

ಸಂಜೆ ಪೇಟೆಯಲ್ಲಿ ನಡೆದೆವು. ನವಿ ಪೇಠದಲ್ಲಿ ಹತ್ತು ಜನ ನನಗೆ ನಮಸ್ಕಾರ ಹೇಳುತ್ತಾರೆ. ಇಲ್ಲಿ ಎಲ್ಲರೂ ಅವಳನ್ನೇ ಮಾತಾಡಿಸುವವರು. ನಾನು ಹಿಂದೆ ಚೀಲ ಹಿಡಿದು ನಿಂತವನು. ಒಬ್ಬ ಮುದುಕಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ಇಂವನ ಏನ ನಿನ್ನ ಗಂಡ? ಸೊಲ್ಲಾಪುರದಾಂವ ಅಂದ್ರ ನಾ ಇನ್ನಷ್ಟ ಎತ್ತರ ಇರತಾನ ಅಂದಿದ್ದೆ.” ಹೆಂಡತಿ ನಕ್ಕಳು. ನನ್ನ ಪರವಾಗಿ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ.

ಆಮೇಲೆ ಬಳೆಗಾರನ ಅಂಗಡಿ. ಆತ ಬಿಳಿ ಮೀಸೆಯವನೇ ನಿಜ. ಆದರೂ ನನ್ನ ಹೆಂಡತಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಬೆರಳು ಒತ್ತಿ, ಅಂಗೈ ಮಡಚಿ, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸತೊಡಗಿದ. ಅವಳೋ ಕಣ್ಣು ಅರೆಮುಚ್ಚಿ ಊರ ಸುದ್ದಿ ಕೇಳುತ್ತಿದ್ದಾಳೆ! ನನಗೆ ತಡೆಯಲಾಗಲಿಲ್ಲ.

“ಸೊಲ್ಲಾಪುರದಾಗ ಬಳಿಗಾರರು ಇಲ್ಲೇನು?” ಎಂದೆ.

“ಅದಾರ್ರಿ. ಆದ್ರ ಅವರ ಕೈ ಒರಟು,” ಎಂದಳು.

“ಜಲ್ದಿ ಮುಗಸ್ರಿ, ಎಷ್ಟೊತ್ತು ಕೈ ಹಿಡಕೊಂಡು ಕೂಡತೀರಿ?” ಎಂದು ಬಳೆಗಾರನ ಮೇಲೆ ಹರಿಹಾಯ್ದೆ.

ಆತ ತಲೆ ಎತ್ತಲೂ ಇಲ್ಲ. “ಸಬೂರ ಮಾಡ್ರಿ ಸಾಹೇಬ್ರ. ನಾ ಈ ಕೈ ಮೊದಲ ಹಿಡದಾಗ ನಿಮಗಿನ್ನೂ ಚೊಣ್ಣದ ಗುಂಡಿ ಹಾಕ್ಕೊಳ್ಳಾಕ ಬರತಿರಲಿಲ್ಲ.”

ಶಸ್ತ್ರಾಗಾರದಲ್ಲಿ ವ್ಯಾಪಾರ

ರವಿವಾರ ಬೆಳಿಗ್ಗೆ ಹೆಂಡತಿ ಏಳುವ ಮೊದಲೇ ಒಬ್ಬನೇ ಹೊರಬಿದ್ದೆ. ಸೀರೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕುವ ಗಿರಾಕಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದೇ ಕಣ್ಣಿನಿಂದ ಊರು ನೋಡಿದೆ. ಹಳೆಯ ಅರಮನೆಯ ಗೋಡೆಯಲ್ಲಿ ಬಿರುಕು ಕಂಡಿತು, ಸಂತೋಷವಾಯಿತು. ಕಮಾನಿನ ಮೇಲೆ ಪಾರಿವಾಳ ಗಲೀಜು ಮಾಡಿದ್ದವು, ಇನ್ನೂ ಸಂತೋಷವಾಯಿತು. ಹೊಸ ಅರಮನೆಯ ಮಿನಾರದಲ್ಲೊಂದು ದೊಡ್ಡ ಗಡಿಯಾರ. ಅದು ತಪ್ಪಿರಲೇಬೇಕೆಂಬ ಆಸೆಯಿಂದ ನನ್ನ ಕೈಗಡಿಯಾರ ನೋಡಿಕೊಂಡೆ. ನನ್ನದು ನಿಂತುಹೋಗಿತ್ತು.

ಮಾವನವರ ಹೆಸರು ಹೇಳಿದ್ದಕ್ಕೆ ಕಾವಲುಗಾರ ಅಲ್ಲಿಯ ಶಸ್ತ್ರಾಗಾರದ ಬಾಗಿಲು ತೆಗೆದ. ಒಳಗೆ ಗೋಡೆ ತುಂಬ ಕತ್ತಿ, ಗುರಾಣಿ, ಬಂದೂಕು. ನಾನು ದಂಗಾದೆ.

“ಇದು ಯಾವುದ್ರಿ?” ಎಂದೆ.

“ಅದ್ರಿ? ಭಾಳ ಹಳೇದು.”

“ಮತ್ತ ಇದು?”

“ಅದೂ ಹಳೇದ್ರಿ. ಅದರ ಬಾಜೂಕಿಂದು ಇನ್ನಷ್ಟ ಹಳೇದು.”

ಅಷ್ಟರಲ್ಲಿ ಪುಣೆಯ ಕಡೆಯ ಒಂದು ಸಂಸಾರ ಬಾಗಿಲಲ್ಲಿ ಇಣುಕಿತು. ಗಂಡ, ಹೆಂಡತಿ, ಒಬ್ಬ ಅಜ್ಜಿ. ದರ್ಶನ ಮುಗಿಸಿ ಬಸ್ಸಿಗೆ ಕಾಯುತ್ತಿದ್ದವರು. “ಕಾಯ್ ಆಹೆ ಇಥೆ?” ಇಲ್ಲೇನಿದೆ ಎಂದು ಗಂಡ ಮರಾಠಿಯಲ್ಲಿ ಕೇಳಿದ. “ಜುನೀ ಹತ್ಯಾರ,” ಎಂದು ಕಾವಲುಗಾರ ಆಕಳಿಸಿದ. ಹಳೆಯ ಆಯುಧ ಎಂದು ಕೇಳಿದ್ದೇ ಗಂಡ ತಿರುಗಿ ಮೆಟ್ಟಿಲು ಇಳಿಯತೊಡಗಿದ.

ಗಿರಾಕಿ ಮೆಟ್ಟಿಲು ಇಳಿಯುವುದನ್ನು ನೋಡುತ್ತ ಸುಮ್ಮನಿರುವುದು ನನ್ನಿಂದ ಆಗದ ಕೆಲಸ. “ಯಾ, ಯಾ! ಬಘೂನ್ ತರಿ ಜಾ!” ಎಂದು ಕೂಗಿದೆ. ಬನ್ನಿ, ನೋಡಿಯಾದರೂ ಹೋಗಿ ಎಂದು ದಿನಾ ಅಂಗಡಿಯಲ್ಲಿ ಕೂಗುವ ಮಾತು, ತಾನೇ ಬಂತು. ಆಮೇಲೆ ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಈ ಹಿಡಿಯ ಕೆತ್ತನೆ ನೋಡಿ, ಈ ಅಲಗಿನ ಮಿಂಚು ನೋಡಿ, ಇಂಥ ಮಾಲು ಪುಣೆಯಲ್ಲಿ ಸಿಗುವುದಿಲ್ಲ, ಸೊಲ್ಲಾಪುರದಲ್ಲಂತೂ ಕೇಳಲೇಬೇಡಿ! ಅಜ್ಜಿ ಒಂದು ಕತ್ತಿಯ ಒರೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, “ಕಿತೀಲಾ?” ಎಂದು ರೇಟು ಕೇಳಿದಳು.

ಅವರನ್ನು ಹೊರಗೆ ಕರೆತಂದು ಮಿನಾರ ತೋರಿಸಿದೆ, ಕಮಾನು ತೋರಿಸಿದೆ. ಇಂಥ ಊರನ್ನು ನೋಡದೆ ಬಸ್ಸು ಹತ್ತುತ್ತೀರಾ ಎಂದು ಗದರಿದೆ. ಸೀರೆ ಹೊಗಳುವಾಗ ನನ್ನ ಮಾತಿನಲ್ಲಿ ಅರ್ಧ ಸುಳ್ಳಿರುತ್ತದೆ. ಇಲ್ಲಿ ಒಂದೂ ಸುಳ್ಳು ಬೇಕಾಗಲಿಲ್ಲ. ಊರು ನನಗೆ ನಿಜಕ್ಕೂ ಹಿಡಿಸಿಬಿಟ್ಟಿತ್ತು, ಅದು ಗೊತ್ತಾಗಿ ನನಗೇ ಗಾಬರಿಯಾಯಿತು. ಆ ಸಂಸಾರ ಅವತ್ತಿನ ಬಸ್ಸು ಬಿಟ್ಟು ಊರಲ್ಲೇ ಉಳಿಯಿತು.

ತಿರುಗಿ ನೋಡಿದರೆ ಕಂಬದ ಹತ್ತಿರ ನನ್ನ ಹೆಂಡತಿ. ನಾಷ್ಟಾಕ್ಕೆ ಕರೆಯಲು ಬಂದವಳು ಎಲ್ಲ ಕೇಳಿದ್ದಳು. ತನ್ನೂರನ್ನು ಇಷ್ಟು ಹೊಗಳಿದ ಗಂಡನನ್ನು ನೋಡಿ ಕುಣಿದಾಡುತ್ತಾಳೆ ಅಂದುಕೊಂಡೆ. ಅವಳ ಮುಖ ಊದಿತ್ತು.

“ಇಷ್ಟ ಹೊಗಳಾಕ ಬರತಿತ್ತೇನ್ರಿ ನಿಮಗ?” ಎಂದಳು. “ಲಗ್ನಾಗಿ ವರ್ಷಾತು. ಒಂದ ದಿನಾನರೆ ನಿನ್ನ ಮೂಗು ಚಲೋ ಐತಿ ಅಂದೀರೇನು? ತುಕ್ಕ ಹಿಡದ ಕತ್ತಿ ಮುಂದ ನಿಂತು ಹಾಡಿ ಹೊಗಳಾಕತ್ತೀರಿ!”

ನಾನು ಗೆದ್ದದ್ದು

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಊಟಕ್ಕೆ ಕೂತಾಗ ಅತ್ತೆಯವರು ಶೇಂಗಾ ಹೋಳಿಗೆಯ ಮೇಲೆ ಹೋಳಿಗೆ ಹಾಕಿದರು. ಮಾವನವರು, “ಅಳಿಯಂದಿರಿಗೆ ನಮ್ಮೂರ ಮನಸಿಗೆ ಬಂದೈತಿ,” ಎಂದು ಮೀಸೆ ತಿರುವಿದರು.

ಅಡಿಗೆಮನೆಯ ಹೊಸ್ತಿಲಿಂದ ಹೆಂಡತಿಯ ದನಿ ಬಂತು. “ಮನಸಿಗೆ ಬರಾಕ ಇಲ್ಲೇನೈತಿ? ಸೊಲ್ಲಾಪುರದಾಗ ನೋಡ್ರಿ. ಕೆರಿ ನಡುವ ಗುಡಿ! ಎಂಥಾ ಕೋಟಿ! ಚಿಮಣಿ ಅಂತೂ ಮುಗಲ ಮುಟ್ಟತಾವ! ಸೊಲ್ಲಾಪುರದ ಮುಂದ ಇದ್ಯಾವ ಊರ್ರಿ?”

ವರ್ಷವಿಡೀ ಹಂಬಲಿಸಿದ ಮಾತು ತಾನಾಗಿಯೇ ಬಂದಿತ್ತು. ಹೋಳಿಗೆ ಬಿಟ್ಟು ಕುಣಿಯಬೇಕಿತ್ತು ನಾನು. ಆದರೆ ನನ್ನ ಹಾಳು ನಾಲಗೆ, “ಹಂಗಲ್ಲ, ಆ ಗಡಿಯಾರದ ಮಿನಾರದ ಛಂದನ ಬ್ಯಾರೆ...” ಎಂದುಬಿಟ್ಟಿತು.

“ಆ ಮಿನಾರದ ಸುದ್ದಿ ಇನ್ನೊಮ್ಮಿ ತಗದ್ರ ನೋಡ್ರಿ!” ಎಂದು ಅವಳು ಸೌಟು ಕುಕ್ಕಿದಳು. ಅತ್ತೆಯವರು ಹೆದರಿ ಹೋಳಿಗೆಯ ಬುಟ್ಟಿಯನ್ನೇ ನನ್ನ ಮುಂದೆ ಇಟ್ಟು ಒಳಗೆ ಹೋದರು.

ಕಡೆಯ ಬಸ್ಸಿಗೆ ಹೋಗುವುದೆಂದು ಮಾತಾಗಿತ್ತು. ಆದರೆ ಅವಳು ಉಂಡ ಕೈ ಒಣಗುವ ಮೊದಲೇ ಗಂಟು ಕಟ್ಟಿ, ನನ್ನನ್ನು ಮುಂದೆ ಹಾಕಿಕೊಂಡು ಬಸ್ಸು ಹತ್ತಿಸಿದಳು. ಈ ಸಲ ಇಬ್ಬರಿಗೂ ಜಾಗ ಸಿಕ್ಕಿತು. ಕಿಟಕಿಯ ಪಕ್ಕ ತಾನೇ ಕೂತಳು, ನನಗೆ ಹೊರಗಿನದು ಕಾಣದಂತೆ.

ಬಸ್ಸು ಹೊರಳಿತು. ಹಿಂದಿನ ಗಾಜಿನಲ್ಲಿ, ಮಾಳಿಗೆಗಳ ಮೇಲೆ, ಮಿನಾರದ ತುದಿ ಬಿಸಿಲಿಗೆ ಹೊಳೆಯುತ್ತಿತ್ತು. ಮನಸ್ಸು ತಡೆಯಲಿಲ್ಲ, ತಿರುಗಿ ನೋಡಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದೆ.

“ಹೊಳ್ಳಿ ಹೊಳ್ಳಿ ಏನ ನೋಡತೀರಿ ಆಕಿನ್ನ?” ಹೆಂಡತಿಯ ದನಿ ಇಡೀ ಬಸ್ಸಿಗೆ ಕೇಳಿಸಿತು. “ಕಟಗೊಂಡ ಹೆಂಡತಿ ಬಾಜೂಕ ಕುಂತಾಳ, ಮುಂದ ನೋಡ್ಕೊಂಡು ಕೂಡ್ರಿ!”

ಬಸ್ಸಿನಲ್ಲಿದ್ದವರೆಲ್ಲ, ಕಂಡಕ್ಟರನೂ ಸೇರಿ, ಆ ಹೆಣ್ಣು ಯಾರೆಂದು ಒಟ್ಟಿಗೇ ಹಿಂದೆ ತಿರುಗಿ ನೋಡಿದರು.