ನಕ್ಷೆ ಕಳೆದುಕೊಂಡ ಕುದುರೆಗಳು

ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕಂಪ್ಯೂಟರ್ ನೋಡಿಕೊಳ್ಳುವ ಮೆದೆರ್ ಒಂದೇ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ. ನರಿನ್ ಪಟ್ಟಣದ ಕುದುರೆ ವಂಶಾವಳಿ ಕಚೇರಿಯ ಯುನಿಕ್ಸ್ ಯಂತ್ರದಲ್ಲಿ ಕೆಲಸಕ್ಕೆ ಬಾರದ ಹಳೆಯ ಡಿಸ್ಕುಗಳ ಗುಂಪೊಂದಿತ್ತು. ಅದನ್ನು ಅಳಿಸು ಎಂದು ನಿರ್ದೇಶಕ ಎಸೆನ್‌ಕುಲ್ ಒಂದು ವಾರದಿಂದ ಗೊಣಗುತ್ತಿದ್ದರು. ಮೆದೆರ್ ಅಳಿಸಿದ. ಒಂದು ಗುಟುಕು ಚಹಾ ಕುಡಿದು ಪರದೆ ನೋಡಿದರೆ, ನಲವತ್ತು ಸಾವಿರ ಕುದುರೆಗಳ ವಂಶಾವಳಿ ಇದ್ದ ಗುಂಪೇ ಇಲ್ಲ!

ಅವನ ಮುಖ ಒಣಮೊಸರಿನ ಉಂಡೆಯಂತೆ ಬಿಳಿಚಿಕೊಂಡಿತು.

"ಏನಾಯ್ತೋ?" ಪಕ್ಕದ ಮೇಜಿನ ಗುಮಾಸ್ತೆ ಬುರುಲ್ಚಾ ಕತ್ತು ಚಾಚಿದಳು.

"ಏನಿಲ್ಲ ಬುರುಲ್ಚಾ ಎಜೆ, ಡಿಸ್ಕು ಸ್ವಲ್ಪ..."

ಆ 'ಸ್ವಲ್ಪ' ಅರ್ಧ ನಿಮಿಷದಲ್ಲಿ ಕಚೇರಿಯೆಲ್ಲ ಸುತ್ತಿತು.

"ದೃಷ್ಟಿ ಬಿದ್ದಿದೆ! ನಿನ್ನೆ ಬಂದೋರು ಎಂಥ ಯಂತ್ರ, ಎಂಥ ಯಂತ್ರ ಅಂತ ಹೊಗಳಿ ಹೋಗ್ಲಿಲ್ವಾ?" ಎನ್ನುತ್ತ ಬುರುಲ್ಚಾ ಒಣಗಿದ ಅರ್ಚಾ ಸೊಪ್ಪಿಗೆ ಕಡ್ಡಿ ಗೀರಿ ಯಂತ್ರಕ್ಕೆ ಮೂರು ಸುತ್ತು ಹೊಗೆ ಹಾಕಿದಳು. ಯಂತ್ರದ ಫ್ಯಾನು ಮುದುಕನಂತೆ ಕೆಮ್ಮಿತು.

ಕೆಮ್ಮು ಕೇಳಿ ಪಶುವೈದ್ಯ ಜೂಮಾರ್ತ್ ಓಡಿಬಂದ. ಯಂತ್ರದ ಪಕ್ಕೆಗೆ ಕಿವಿಯಿಟ್ಟು, "ಹೊಟ್ಟೆ ಉಬ್ಬರ ಕಣಯ್ಯಾ. ಇಲ್ಲಿ ಒಂದು ಗುದ್ದಿದ್ರೆ ಸರಿಹೋಗುತ್ತೆ" ಎಂದು ಕೈ ಎತ್ತಿದ. ಮೆದೆರ್ ಯಂತ್ರವನ್ನು ತಬ್ಬಿಕೊಂಡ. ಗುದ್ದು ಅವನ ಬೆನ್ನಿಗೆ ಬಿತ್ತು.

ಅಷ್ಟರಲ್ಲಿ ಕಿಟಕಿಯಾಚೆ ಮುದುಕ ಕಾಲಿಯ್ ತನ್ನ ಕೆಂಗುದುರೆ ಹಿಡಿದು ನಿಂತಿದ್ದ. ಭಾನುವಾರದ ಓಟಕ್ಕೆ ಹೆಸರು ಬರೆಸಲು ಅಂದೇ ಕೊನೆಯ ದಿನ. ಸಂಜೆ ಐದರೊಳಗೆ ವಂಶಪತ್ರ ಬೇಕು.

"ನನ್ನ ಏಳು ತಲೆಮಾರಿನ ಹೆಸರು ಉಸಿರು ತಗೊಳ್ದೆ ಹೇಳ್ತೀನಿ ನಾನು. ನಿನ್ನ ಪೆಟ್ಟಿಗೆಗೆ ಒಂದು ಕುದುರೆಯ ಅಪ್ಪನ ಹೆಸರು ನೆನಪಿಲ್ವೇನೋ?" ಎಂದು ಮುದುಕ ಗದರಿದ. ಕುದುರೆ ಕಿಟಕಿಯೊಳಗೆ ತಲೆ ತೂರಿಸಿತು. ಹೊಗೆ ಮೂಗಿಗೆ ಹೊಡೆದು ಮೆದೆರನ ಕುತ್ತಿಗೆಯ ಮೇಲೇ ಸೀನಿತು.

ಮೂರು ಗಂಟೆಗೆ ನಿರ್ದೇಶಕರು ಸಭೆ ಮುಗಿಸಿ ಬಂದರು. "ಇದನ್ನ ಮಾಡಿದ್ಯಾರು?"

ಮೆದೆರ್ ಎದ್ದು ನಿಂತ. "ನಾನೇ ಎಸೆನ್‌ಕುಲ್ ಬಾಯ್ಕೆ. ಬೆಳಿಗ್ಗೆ ಹೆಸರು ತಪ್ಪಿ ಬೇರೆ ಗುಂಪು ಅಳಿಸಿಬಿಟ್ಟೆ."

ನಿರ್ದೇಶಕರು ಅವನನ್ನು ಒಂದು ಕ್ಷಣ ವಿಚಿತ್ರವಾಗಿ ನೋಡಿದರು. ಆಮೇಲೆ ದೊಡ್ಡ ಮನಸ್ಸಿನವರ ದನಿ ತೆಗೆದರು. "ಒಪ್ಪಿಕೊಂಡೆಯಲ್ಲ, ಅದು ಗಂಡಸುತನ. ನಮ್ಮ ಕಾಲದಲ್ಲಿ ಅಳಿಸೋ ಮೊದಲು ಹೆಸರನ್ನ ಮೂರು ಸಲ ಓದ್ತಿದ್ವಿ. ವಿವರಣಾ ಪತ್ರ ಬರೆದು ಸಹಿ ಹಾಕು."

ಪತ್ರಕ್ಕೆ ಸಹಿ ಹಾಕಿದ ಮೇಲೆ ಮೆದೆರನಿಗೆ ಭಯ ಹೋಗಿ ಕುತೂಹಲ ಹುಟ್ಟಿತು. ಅಳಿಸಿಹೋದದ್ದು ಕುದುರೆಗಳೋ, ಯಾವ ಕುದುರೆ ಯಾವ ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ಹೇಳುವ ನಕ್ಷೆ ಮಾತ್ರವೋ? ಕೈಪಿಡಿ ತಿರುವಿದ. ನಕ್ಷೆ ಮಾತ್ರ! ಅದೂ ಅಲ್ಲದೆ, ಇಂಥ ಪ್ರತಿಯೊಂದು ಆಜ್ಞೆಗೂ ಮುಂಚೆ ಯಂತ್ರ ತನ್ನ ಪಾಡಿಗೆ ತಾನು ನಕ್ಷೆಯ ಒಂದು ಪ್ರತಿ ಎತ್ತಿಡುತ್ತದಂತೆ. ಅವಸರದಲ್ಲಿ ಕುದುರೆ ಗುಂಪಿನ ಕೊನೆಯ ಪ್ರತಿ ಹುಡುಕಿ ಮರಳಿ ಹಚ್ಚಿದ. ನಲವತ್ತು ಸಾವಿರ ಕುದುರೆಗಳೂ ಒಂದೂ ತಪ್ಪದೆ ಲಾಯಕ್ಕೆ ಬಂದವು.

ನಾಲ್ಕೂವರೆಗೆ ವಂಶಪತ್ರ ಹಿಡಿದ ಕಾಲಿಯ್ ಕುದುರೆಯೇರಿ ಹಾರಿಹೋದ. ಬುರುಲ್ಚಾ ಅರ್ಚಾ ಹೊಗೆಯನ್ನು ಹೊಗಳಿದಳು, ಜೂಮಾರ್ತ್ ತನ್ನ ಗುದ್ದನ್ನು.

ಎಲ್ಲರೂ ಚದುರಿದ ಮೇಲೆ ಮೆದೆರ್ ಆ ಪ್ರತಿಗಳನ್ನು ಸಾವಕಾಶವಾಗಿ ಓದಲು ಕುಳಿತ. ಯಾವ ಆಜ್ಞೆಗೆ ಮುಂಚೆ, ಎಷ್ಟು ಗಂಟೆಗೆ ಎಂದು ಪ್ರತಿಯೊಂದರ ನೆತ್ತಿಯ ಮೇಲೂ ಬರೆದಿತ್ತು. ಒಂಬತ್ತು ಹತ್ತು: ಹಳೆಯ ಖಾಲಿ ಗುಂಪು ಅಳಿಸಲಾಗಿದೆ. ಅಂದರೆ ಅವನು ಟೈಪ್ ಮಾಡಿದ ಹೆಸರು ಸರಿಯಾಗಿಯೇ ಇತ್ತು! ಹಾಗಾದರೆ ಕುದುರೆಗಳು?

ಎಂಟು ಐದು: ಕುದುರೆ ಗುಂಪು ಅಳಿಸಲಾಗಿದೆ.

ಎಂಟು ಐದಕ್ಕೆ ಮೆದೆರ್ ಇನ್ನೂ ಮನೆಯಲ್ಲಿ ಗಡ್ಡ ಹೆರೆಯುತ್ತಿದ್ದ. ಯಂತ್ರದ ಗುಪ್ತಪದ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಒಬ್ಬ ಅವನು.

ಹೆಗಲ ಹಿಂದೆ ಯಾರದೋ ಉಸಿರು ತಾಕಿತು. ಎಸೆನ್‌ಕುಲ್ ಬಗ್ಗಿ ಪರದೆಯನ್ನು ಓದುತ್ತಿದ್ದರು. ಒಂದು ಸಲ ಓದಿದರು. ಎರಡು ಸಲ ಓದಿದರು. ಮೂರನೆಯ ಸಲ ಓದಿ ನೆಟ್ಟಗೆ ನಿಂತರು.

"ಮೆದೆರ್, ಈ ಯಂತ್ರದ ಗಡಿಯಾರ ಒಂದು ಗಂಟೆ ಹಿಂದಿದೆ, ಅಲ್ವಾ?"

ಮೆದೆರ್ ಪರದೆಯ ಮೂಲೆ ನೋಡಿದ. ಗೋಡೆಯ ಗಡಿಯಾರ ನೋಡಿದ. ಎರಡಕ್ಕೂ ಒಂದು ನಿಮಿಷದ ವ್ಯತ್ಯಾಸವೂ ಇರಲಿಲ್ಲ. ಕೊನೆಗೆ ನಿರ್ದೇಶಕರ ಮುಖ ನೋಡಿದ.

"ಹೌದು ಬಾಯ್ಕೆ. ಹಿಂದಿದೆ."

"ನೋಡಿದ್ಯಾ! ಗಡಿಯಾರಾನೂ ನೋಡ್ಕೊಳ್ಳೋಕೆ ಆಗ್ಲಿಲ್ಲ ನಿನಗೆ" ಎಂದು ನಿರ್ದೇಶಕರು ಜೇಬಿನಿಂದ ವಿವರಣಾ ಪತ್ರ ತೆಗೆದು ಅವನ ಮುಂದಿಟ್ಟರು. "ತಗೋ, ಅದನ್ನೂ ಸೇರಿಸಿ ಬರಿ."