ಗುಂಡು ಎಸೆತಕ್ಕೆ ಶುಂಠಿ ಕಾಫಿ

ನವೆಂಬರ್ ಹತ್ತೊಂಬತ್ತು. ಬೆಳಿಗ್ಗೆ ತೆಳು ಮಂಜು; ಹತ್ತರ ನಂತರ ಹದವಾದ ಬಿಸಿಲು, ಗಾಳಿ ಇಲ್ಲ.

ಗ್ರಂಥಾಲಯದ ದಿನಚರಿಯಲ್ಲಿ ನಾನು ದಿನವೂ ಬರೆಯುವುದು ಇಷ್ಟೇ. ಇಲ್ಲಿ ಬೇರೇನೂ ನಡೆಯುವುದಿಲ್ಲ ಎಂದು ನಂಬಿಯೇ ಈ ಕೆಲಸಕ್ಕೆ ಸೇರಿದವನು. ಆದರೆ ಜಮಖಂಡಿಯಲ್ಲಿ ಸುಮ್ಮನೆ ಕೂತವನನ್ನೇ ಏನಾದರೊಂದು ಹುಡುಕಿಕೊಂಡು ಬರುತ್ತದೆ. ಆ ಹತ್ತೊಂಬತ್ತನೆಯ ತಾರೀಖಿಗೆ ಬರುವ ಮೊದಲು, ಅದರ ಹಿಂದಿನ ಒಂದು ತಿಂಗಳು ಹೇಗೆ ಹೋಯಿತೆಂದು ಹೇಳಬೇಕು.

ಹದಿನಾಲ್ಕು ಪುಟ

ನಮ್ಮ ಕಾಲೇಜಿನ ಪೀಟಿ ಸರ್ ಒಂಬತ್ತು ವರ್ಷಗಳಲ್ಲಿ ಗ್ರಂಥಾಲಯಕ್ಕೆ ಕಾಲಿಟ್ಟವರಲ್ಲ. ಒಂದು ಬೆಳಿಗ್ಗೆ ಬಂದರು. ಒಳಗೆ ನನ್ನ ಹೊರತು ಯಾರೂ ಇಲ್ಲದಿದ್ದರೂ ಪಿಸುಮಾತಿನಲ್ಲೇ ಕೇಳಿದರು.

"ಸರ್, ಕಾಫಿ ಕುಡಿದ್ರ ಗುಂಡ ದೂರ ಹೋಗತೈತಂತ. ಮೊಬೈಲಿಗೆ ಬಂದೈತಿ. ಎಲ್ಲಾ ಇಂಗ್ಲಿಷಿನ್ಯಾಗೈತಿ. ಓದಿ ಹೇಳ್ರಿ."

ಹದಿನಾಲ್ಕು ಪುಟ ಛಾಪಿಸಿಕೊಂಡು ತಂದಿದ್ದರು. ಯಾರಿಗಾಗಿ ಎಂದು ಕೇಳಬೇಕಾಗಿರಲಿಲ್ಲ. ಬನಹಟ್ಟಿಯ ನೇಕಾರರ ಮನೆಯ ಹುಡುಗಿಯೊಬ್ಬಳು ನಮ್ಮಲ್ಲಿ ಓದುತ್ತಿದ್ದಳು. ಮನೆಯಲ್ಲಿ ನೂಲು ಸುತ್ತಿದ ಬೀಮುಗಳನ್ನು ಎತ್ತಿ ಎತ್ತಿ ಗಟ್ಟಿಯಾದ ತೋಳು ಅವಳದು. ಅಂತರ ಕಾಲೇಜು ಪಂದ್ಯದ ಗುಂಡು ಎಸೆತದಲ್ಲಿ ಎರಡು ವರ್ಷ ಎರಡನೆಯವಳಾಗಿ ಬಂದಿದ್ದಳು. ಹೋದ ಸಲ ನಾಲ್ಕೇ ಬೆರಳಿನ ಅಂತರ. ಮೊದಲು ಬಂದವಳಿಗೆ ಮಾತ್ರ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ. ಅವಳಿಗೆ ಇದು ಕೊನೆಯ ವರ್ಷ.

ಎರಡು ದಿನ ಓದಿದೆ. ಕೆಲವರಿಗೆ ಸ್ವಲ್ಪ ಲಾಭ, ಕೆಲವರಿಗೆ ಏನೂ ಇಲ್ಲ. ಸುಮಾರು ಒಂದು ಗಂಟೆ ಮೊದಲು ಕುಡಿಯಬೇಕು. ಹೆಚ್ಚಾದರೆ ಕೈ ನಡುಗುತ್ತದೆ, ನಿದ್ದೆ ಕೆಡುತ್ತದೆ. ನಿಷೇಧವಂತೂ ಇಲ್ಲ.

"ಒಂದ ಮಾತಿನ್ಯಾಗ ಹೇಳ್ರಿ ಸರ್," ಎಂದರು.

"ಆದರೆ ಆಗಬಹುದು, ಇಲ್ಲದಿದ್ದರೆ ಇಲ್ಲ."

ಅವರು ಆ ಕಾಗದಗಳನ್ನು ಕೈಯಲ್ಲಿ ತೂಗಿ ನೋಡಿದರು. "ಇಷ್ಟ ಹೇಳಾಕ ಹದಿನಾಲ್ಕ ಪುಟಾ ಬೇಕಾದ್ವೇನ್ರಿ? ನಮ್ಮ ಮುತ್ಯಾ ಬೀಡಿ ಬಾಯಾಗಿಟಗೊಂಡ ಹೇಳತಿದ್ದ."

ಅಂಗಡಿಯ ಹೆಸರು

ಓದಿ ಹೇಳಿದ ತಪ್ಪಿಗೆ ನಾನೂ ಅವರ ಜೊತೆ ಹೋಗಬೇಕಾಯಿತು. ಕಾಲೇಜಿನ ಎದುರಿಗೆ ಒಂದು ಚಾದ ಅಂಗಡಿ ಇದೆ. ಅದರ ಮಾಲೀಕನನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಮೂವತ್ತು ವರ್ಷದಿಂದ ಚಾ ಬಿಟ್ಟು ಬೇರೇನನ್ನೂ ಕುದಿಸಿದವನಲ್ಲ.

"ಕಾಫಿ? ಮಾಡೋಣ್ರಿ. ಅದರಾಗೇನೈತಿ?" ಎಂದ. ನಾಲ್ಕು ದಿನದಲ್ಲಿ ಹುಬ್ಬಳ್ಳಿಯಿಂದ, ದೊಡ್ಡ ಹೋಟೆಲಿನವರು ಕೊಳ್ಳುವಂಥ ಕಾಫಿಪುಡಿಯ ಡಬ್ಬಿಯನ್ನೇ ತರಿಸಿದ. ಒಬ್ಬ ಹುಡುಗಿಗೆ ಅಷ್ಟು ಯಾಕೆ ಎಂದರೆ, "ಗುಂಡ ಸಣ್ಣದೇನ್ರಿ?" ಎಂದು ತಿರುಗಿ ಕೇಳಿದ.

ಏನು ಕೊಡಬೇಕು ಎಂದು ಪೀಟಿ ಸರ್ ವಿಚಾರಿಸಿದರು. "ರೊಕ್ಕದ ಮಾತ ಬ್ಯಾಡ್ರಿ. ಹುಡುಗಿ ಗೆದ್ದ ಬರ್ಲಿ, ಆಮ್ಯಾಲ ಒಂದ ಕೇಳತೀನಿ," ಎಂದು ಅವರ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಒಪ್ಪಿದಂತೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮೊದಲ ಕಾಫಿ ತಯಾರಾಯಿತು. ಕುದಿಯುವ ಚಾಕ್ಕೇ ಎರಡು ಚಮಚ ಕಾಫಿಪುಡಿ ಸುರಿದಿದ್ದ.

"ಕಾಫಿಗೆ ಚಾಪುಡಿ ಹಾಕಬಾರದು ಕಾಕಾ," ಎಂದೆ.

"ಹಂಗೇನ್ರಿ?" ಎಂದು ಅದನ್ನು ಚೆಲ್ಲಿ, ಇನ್ನೊಮ್ಮೆ ಹಾಲಿಟ್ಟ. ಈ ಸಲ ಚಾಪುಡಿ ಹಾಕಲಿಲ್ಲ. ಆದರೆ ಶುಂಠಿ ಜಜ್ಜತೊಡಗಿದ.

"ಶುಂಠೀನೂ ಬೇಡ."

ಅವನ ಕೈ ನಿಂತಿತು. "ಸರ್, ನೀವು ಓದಿದವರು. ನಿಮ್ಮ ಮಾತ ಕೇಳಿ ಚಾಪುಡಿ ಬಿಟ್ಟೆ. ಶುಂಠಿ ಇಲ್ಲದ್ದ ನನ್ನ ಅಂಗಡಿಯಿಂದ ಹೊರಗ ಹೋದ್ರ, ನಾಳಿ ನಾ ಮಂದಿಗೆ ಹೆಂಗ ಮಾರಿ ತೋರಿಸಲಿ?"

ಕರೆಂಟ್ ಹೋದಾಗ

ಮೊದಲೇ ರೂಢಿ ಇದ್ದವರಿಗೆ ಕಾಫಿಯ ಪರಿಣಾಮ ಕಡಿಮೆ ಇರಬಹುದೆಂದು ಆ ಪುಟಗಳಲ್ಲಿ ಒಂದು ಅನುಮಾನವಿತ್ತು. ಚಾದಲ್ಲೂ ಇರುವುದು ಅದೇ ಕೆಫೀನ್. ಹಾಗಾಗಿ ಹುಡುಗಿಯನ್ನು ಕರೆದು ಕೇಳಿದೆವು.

"ದಿನಕ್ಕೆ ಎಷ್ಟು ಸಲ ಚಾ ಕುಡೀತೀಯಮ್ಮಾ?"

"ಎಣಿಸಿಲ್ರಿ ಸರ್. ನಮ್ಮದು ಮಗ್ಗದ ಮನಿ. ಕರೆಂಟ್ ಹೋತಂದ್ರ ಮಗ್ಗ ನಿಂದ್ರತಾವ. ಮಗ್ಗ ನಿಂತ್ವಂದ್ರ ಅವ್ವ ಚಾಕ್ಕ ಇಡತಾಳ."

"ಕರೆಂಟ್ ಎಷ್ಟು ಸಲ ಹೋಗುತ್ತದೆ?"

"ಅದನ್ನ ಕರೆಂಟಿನವರನ್ನ ಕೇಳ್ರಿ."

ಒಂದು ವಾರ ಚಾ ಬಿಡಬೇಕೆಂದು ಪೀಟಿ ಸರ್ ಆಜ್ಞೆ ಮಾಡಿದರು. ಶಿಷ್ಯೆ ಒಬ್ಬಳೇ ಕಷ್ಟಪಡುವುದು ಸರಿಯಲ್ಲವೆಂದು ತಾವೂ ಬಿಟ್ಟರು. ಆ ಮನುಷ್ಯನ ಮೇಲೆ ನನಗೆ ಗೌರವ ಮೂಡಿದ್ದು ಆಗ.

ಎರಡನೆಯ ದಿನ ಹುಡುಗಿ ತಲೆಗೆ ವಸ್ತ್ರ ಬಿಗಿದುಕೊಂಡು ಬಂದಳು. ಆದರೂ ಒಂದು ದಿನವೂ ಅಭ್ಯಾಸ ತಪ್ಪಿಸಲಿಲ್ಲ, ಒಂದು ಮಾತೂ ಗೊಣಗಲಿಲ್ಲ. ಗೊಣಗಿದ್ದೆಲ್ಲ ಪೀಟಿ ಸರ್. ಮೂರನೆಯ ದಿನ ಹಾಜರಿ ಕೂಗುವಾಗ ಗಟ್ಟಿಯಾಗಿ "ಹಾಜರ್" ಅಂದವರನ್ನೂ ಮೈದಾನ ಸುತ್ತಿಸಿದರು, ಮೆಲ್ಲಗೆ ಅಂದವರನ್ನೂ ಸುತ್ತಿಸಿದರು. ಐದನೆಯ ದಿನ ಪ್ರಾಚಾರ್ಯರಿಗೇ ಸೀಟಿ ಊದಿದರು.

ಚಾ ಬಿಟ್ಟವರು ಇಬ್ಬರು. ತಲೆನೋವು ಇಡೀ ಕಾಲೇಜಿಗೆ.

ಬೀಳಗಿಯ ಪ್ರಯೋಗ

ಪಂದ್ಯಕ್ಕೆ ಹತ್ತು ದಿನ ಮೊದಲು ಬೀಳಗಿಯಲ್ಲಿ ಒಂದು ಅಭ್ಯಾಸಕೂಟ ಇತ್ತು. ಕಾಫಿ ಪರೀಕ್ಷಿಸಲು ಅದೇ ಸರಿಯೆಂದು ಫ್ಲಾಸ್ಕ್ ತುಂಬಿಸಿಕೊಂಡು ಹೊರಟೆವು. ಬಸ್ಸಿನಲ್ಲಿ ಪೀಟಿ ಸರ್ ಯೋಚನೆಗೆ ಬಿದ್ದರು.

"ಹುಡುಗಿಗೆ ಕುಡಿಸೂ ಮೊದಲ ನಾವ ಕುಡಿದ ನೋಡಬೇಕ್ರಿ. ಏನರ ಹೆಚ್ಚುಕಮ್ಮಿ ಆದ್ರ?"

ಒಂದು ಬಟ್ಟಲು ಕುಡಿದರು. ಏನೂ ಆಗಲಿಲ್ಲ. ಖಾತ್ರಿಗಾಗಿ ಇನ್ನೊಂದು ಕುಡಿದರು. ಚಾ ಬಿಟ್ಟು ವಾರವಾಗಿತ್ತು ಪಾಪ. ಬೀಳಗಿ ಬರುವಷ್ಟರಲ್ಲಿ ಫ್ಲಾಸ್ಕಿನ ತಳ ಕಾಣುತ್ತಿತ್ತು. ಹುಡುಗಿಯ ಪಾಲಿಗೆ ಬಂದದ್ದು ಒಂದೇ ಗುಟುಕು.

ಆ ದಿನ ಹುಡುಗಿ ಎಂದಿನಷ್ಟೇ ದೂರ ಎಸೆದಳು. ಪೀಟಿ ಸರ್ ಮಾತ್ರ ಮೈದಾನಕ್ಕೆ ಎರಡು ಸಲ ಸುಣ್ಣದ ಗೆರೆ ಹಾಕಿದರು, ಪ್ರತಿ ಎಸೆತವನ್ನೂ ಮೂರು ಸಲ ಅಳೆದರು. ಊಟದ ಹೊತ್ತಿಗೆ ಯಾರೂ ಕೇಳದಿದ್ದರೂ ಬೇರೆ ಕಾಲೇಜಿನ ಶಾಮಿಯಾನವನ್ನು ಬಿಚ್ಚಿ ನೆಟ್ಟಗೆ ಕಟ್ಟಿಕೊಟ್ಟರು.

ವಾಪಸು ಬರುವಾಗ ಹುಡುಗಿ ನನ್ನ ಕಡೆ ಬಾಗಿ ಹೇಳಿದಳು: "ಪರಿಣಾಮ ಖರೆ ಐತ್ರಿ ಸರ್. ಗುಂಡ ಒಂದ ಅವರ ಕೈಯಾಗ ಕೊಡಬೇಕಾಗಿತ್ತು."

ಬೇವಿನ ಮರದ ಕೆಳಗೆ

ಇನ್ನು ನವೆಂಬರ್ ಹತ್ತೊಂಬತ್ತು. ಪಂದ್ಯ ಮುಧೋಳದಲ್ಲಿ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಪೀಟಿ ಸರ್ ಗಡಿಯಾರ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡರು. ಹೇಗೋ ಸರಿಯಾಗಿ ಒಂದು ಗಂಟೆ ಮೊದಲು ಮುಟ್ಟಿದೆವು.

"ಕುಡಿ ತಂಗಿ. ಪೂರಾ ಕುಡಿ," ಎಂದು ಫ್ಲಾಸ್ಕ್ ಅವಳ ಕೈಗಿಟ್ಟು, ಹೆಸರು ಬರೆಸಲು ಓಡಿದರು. ಈ ಸಲ ತಾವು ಒಂದು ಹನಿಯನ್ನೂ ಮುಟ್ಟಿರಲಿಲ್ಲ.

ಬೇವಿನ ಮರದ ಕೆಳಗೆ ಬೇರೆ ಕಾಲೇಜುಗಳ ಹುಡುಗಿಯರು ಕೂತಿದ್ದರು. ಚೀಲ ಕಾಯುತ್ತ ನಾನೂ ಒಂದು ಬದಿಗಿದ್ದೆ. ಹುಡುಗಿ ಮುಚ್ಚಳ ತೆಗೆದಳು. ನಮ್ಮ ಕಡೆ ನಾಲ್ಕು ಜನರ ನಡುವೆ ಒಬ್ಬರೇ ಕುಡಿಯುವ ರೂಢಿ ಇಲ್ಲ.

"ಬರ್ರಿ, ಕುಡೀರಿ," ಎಂದಳು.

ಅವರು ಬೇಡವೆಂದರು. ಇವಳು ಬಿಡಲಿಲ್ಲ. ಮೊದಲ ಬಟ್ಟಲು ಹೋದದ್ದು ಬೀಳಗಿಯ ಹುಡುಗಿಗೆ. ಹೋದ ವರ್ಷ ಇವಳನ್ನು ನಾಲ್ಕು ಬೆರಳಿನಿಂದ ಸೋಲಿಸಿದವಳಿಗೇ. ಅವಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, "ಛಲೋ ಐತಿ ಅಕ್ಕಾ," ಎಂದಳು. "ಹಂಗಾರ ಇನ್ನೊಂದೀಟ ತಗೋ," ಎಂದು ಇವಳು ಮತ್ತೆ ಸುರಿದಳು. ಉಳಿದದ್ದು ಉಳಿದವರಿಗೆ. ಕೊನೆಗೆ ಫ್ಲಾಸ್ಕ್ ಬೋರಲು ಹಾಕಿ, ನನ್ನ ಕಡೆ ಒಮ್ಮೆ ನೋಡಿ, ಮೈ ಸಡಿಲಿಸಲು ಎದ್ದುಹೋದಳು.

ನಾನು ಖಾಲಿ ಫ್ಲಾಸ್ಕನ್ನು ಚೀಲದೊಳಗಿಟ್ಟೆ. ಇಷ್ಟು ದೊಡ್ಡ ಮನಸ್ಸು ನಾನು ಕಂಡಿರಲಿಲ್ಲ.

ಸ್ಪರ್ಧೆ ಶುರುವಾಯಿತು. ಎರಡು ಬಟ್ಟಲು ಕುಡಿದ ಬೀಳಗಿಯ ಹುಡುಗಿ ಮೂರನೆಯ ಎಸೆತದಲ್ಲೇ ತನ್ನ ಹೋದ ವರ್ಷದ ಗುರುತನ್ನು ಒಂದು ಗೇಣು ದಾಟಿಸಿದಳು. ಒಬ್ಬಳನ್ನು ನೋಡಿ ಏನನ್ನೂ ತೀರ್ಮಾನಿಸಬಾರದು ಎಂದು ಆ ಹದಿನಾಲ್ಕು ಪುಟಗಳಲ್ಲೇ ಇತ್ತು. ಆ ಹೊತ್ತಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ನಮ್ಮ ಹುಡುಗಿಗೆ ಉಳಿದದ್ದು ಕೊನೆಯ ಎಸೆತ. ವೃತ್ತದೊಳಗೆ ಹೋಗಿ, ಮೈದಾನಕ್ಕೆ ಬೆನ್ನು ಮಾಡಿ, ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡು ಬಾಗಿದಳು. ಎಷ್ಟೋ ಹೊತ್ತು ಹಾಗೇ ಇದ್ದಳು ಅನಿಸಿತು. ಆಮೇಲೆ ಅವಳು ಹೊರಳಿದ್ದು ಕಾಣಲೇ ಇಲ್ಲ. ಗುಂಡು ಗಾಳಿಯಲ್ಲಿದ್ದದ್ದು ಮಾತ್ರ ಕಂಡಿತು. ಬೀಳಗಿಯವಳ ಗುರುತಿನ ಆಚೆ ಬಿದ್ದು ಮಣ್ಣು ಹಾರಿತು. ಅಳೆದರು. ಎರಡು ಬೆರಳು ಮುಂದೆ.

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಬೀಳಗಿಯ ಹುಡುಗಿ. ಪೀಟಿ ಸರ್ ನನ್ನ ಎರಡೂ ಕೈ ಹಿಡಿದರು. ಅವರ ಕಣ್ಣು ತೇವವಾಗಿತ್ತು.

"ನೋಡಿದ್ರಿಲ್ಲೋ ಸರ್? ಎಲ್ಲಾ ಕಾಫಿ."

"ಹೌದು," ಎಂದೆ. ಒಂದು ರೀತಿಯಲ್ಲಿ ನಿಜವೇ ಆಗಿತ್ತು. ಎಲ್ಲಾ ಕಾಫಿ ಹೋಗಿತ್ತು.

ಡಬ್ಬಿ

ವಿಶ್ವವಿದ್ಯಾಲಯದ ತಂಡದೊಂದಿಗೆ ಹೊರಡುವ ಹಿಂದಿನ ದಿನ ಹುಡುಗಿ ಪುಸ್ತಕ ಮರಳಿಸಲು ಬಂದಳು. ನನ್ನ ಮೇಜಿನ ಮೇಲೆ ಕಪ್ಪು, ಅದರಡಿ ಬಸಿ ಇತ್ತು. ವಾಸನೆಗೆ ಅವಳ ಮೂಗು ಸೊಟ್ಟಗಾಯಿತು.

"ಸರ್, ಇದು ಕಾಕಾನ ಕಾಫಿ ಅಲ್ರಿ?"

"ಹೌದು."

"ನೀವು ಬೇಕಂತ ಕುಡೀತೀರಿ?"

ನಾನು ಉತ್ತರ ಹೇಳುವ ಬದಲು, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದೆ. ಮುಧೋಳದಲ್ಲಿ ಅವಳು ಕಾಫಿ ಹಂಚಿದ್ದನ್ನು ನಾನು ನೋಡಿದ್ದೆ, ಯಾರಿಗೂ ಹೇಳಿಲ್ಲ, ಅಂಥ ಮನಸ್ಸು ಎಲ್ಲರಿಗೂ ಬರುವುದಿಲ್ಲ ಎಂದೆ. ನನ್ನ ಮಟ್ಟಿಗೆ ಅದು ಉದ್ದ ಭಾಷಣ.

ಅವಳು ನೆಲ ನೋಡಿದಳು. "ಮನಸ ಗಿನಸ ಏನಿಲ್ರಿ ಸರ್. ಆ ಶುಂಠಿ ಕಾಫಿ ಗಂಟಲದಾಗ ಇಳೀತಿದ್ದಿಲ್ಲ. ಚೆಲ್ಲಿದ್ರ ಪೀಟಿ ಸರ್ ನೊಂದಕೋತಾರ. ಅದಕ್ಕ ಬರ್ರಿ, ಕುಡೀರಿ ಅಂದೆ. ನಿಮ್ಮನ್ನೂ ಕರೀಬೇಕಂದೆ. ಪಾಪ ಅನ್ನಿಸಿ ಬಿಟ್ಟೆ."

ನಾನು ಒಂದು ಗುಟುಕು ಕುಡಿದೆ.

"ಮತ್ತ ನೀವ್ಯಾಕ ಕುಡೀತೀರಿ ಸರ್?"

"ಕಾಕಾ ರೊಕ್ಕ ತಗೊಳ್ಳಲಿಲ್ಲ. ನೀನು ಗೆದ್ದರೆ ಡಬ್ಬಿ ಮುಗಿಯುವ ತನಕ ಕಾಲೇಜಿನವರು ಯಾರಾದರೂ ದಿನಾ ಒಂದು ಕಪ್ ಕಾಫಿ ಕುಡಿಯಬೇಕು ಅಂತ ಕೇಳಿಕೊಂಡಿದ್ದ. ಪೀಟಿ ಸರ್ ನನ್ನ ಹೆಸರು ಹೇಳಿದ್ದರು."

ಅವಳು ಕಪ್ಪನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಕುರ್ಚಿ ಎಳೆದು ಕೂತು, ಉಳಿದದ್ದರಲ್ಲಿ ಅರ್ಧ ಬಸಿಗೆ ಸುರುವಿಕೊಂಡು, ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಕುಡಿದಳು. ಕೊನೆಯ ಎಸೆತಕ್ಕೂ ಅವಳ ಮುಖ ಅಷ್ಟು ಬಿಗಿಯಾಗಿರಲಿಲ್ಲ.

ಬಸಿ ಕೆಳಗಿಟ್ಟು ಬಾಯಿ ಒರೆಸಿಕೊಂಡಳು. "ಡಬ್ಬಿಯಾಗ ಇನ್ನೂ ಎಷ್ಟ ಐತ್ರಿ ಸರ್?"

"ಒಂದೂವರೆ ಕೆಜಿ."

"ಗುಂಡ ನಾಕ ಕೆಜಿದ್ರಿ," ಎಂದು ಕಿಟಕಿಯಿಂದ ಕಾಕಾನ ಅಂಗಡಿಯ ಕಡೆ ನೋಡಿದಳು. "ನೀವು ಹ್ಞೂಂ ಅನ್ರಿ ಸರ್. ಡಬ್ಬಿ ಊರ ದಾಟಿಸತೀನಿ."